ಆರ್‌ಎನ್‌ಎಯ ಮಡಿ

ಓದಿದವರು ಜೋಕು ಹೇಳಬಾರದು. ಓದದವನ ಜೋಕಿಗೆ ಜನ ನಕ್ಕು ಮರೆಯುತ್ತಾರೆ, ಓದಿದವನ ಜೋಕನ್ನು ಪಾಲಿಸಿಬಿಡುತ್ತಾರೆ. ನಗಿಸಲಿಕ್ಕೆಂದು ನಾನು ಹೇಳಿದ ಒಂದು ಮಾತನ್ನು ನಮ್ಮ ಕಾಲೇಜಿನಲ್ಲಿ ಹಾಗೆ ಪಾಲಿಸಿದರು, ಒಬ್ಬ ಮನುಷ್ಯನ ಹನ್ನೊಂದು ವರ್ಷದ ಕೆಲಸ ಹೋಯಿತು. ತಪ್ಪು ಆ ಮಾತಿನದಷ್ಟೇ ಆಗಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ. ಆಮೇಲೆ ನಾನು ಆಡದೇ ಉಳಿಸಿಕೊಂಡ ಮಾತೊಂದಿದೆ. ಅದು ಮರೆಯಗೊಡುವುದಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಕೆಲವು ವರ್ಷ ಕೆಲಸ ಕಲಿತು, ಆಳಂದದ ಕಾಲೇಜೊಂದಕ್ಕೆ ಸಸ್ಯಶಾಸ್ತ್ರದ ಲೆಕ್ಚರರ್ ಆಗಿ ಬಂದಿದ್ದೆ. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಊರು ನನ್ನದೇ, ಮನೆ ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷ. ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಸಾಹೇಬರು ಅನ್ನುತ್ತಿದ್ದರು. ಅವರು ಓಡಾಡಿ ಒಂದು ಸಂಶೋಧನಾ ಯೋಜನೆ ಮಂಜೂರು ಮಾಡಿಸಿಕೊಂಡು ಬಂದಿದ್ದರು. ಮಾಡಲು ಬರುವವನು ನಾನೊಬ್ಬನೇ ಆದ್ದರಿಂದ ಕೆಲಸ ನನ್ನ ಪಾಲಿಗೆ ಬಂತು. ವಿಷಯ ತೊಗರಿಯ ಗೊಡ್ಡು ರೋಗ.

ಗೊಡ್ಡು ಬಿದ್ದ ತೊಗರಿ ಸಾಯುವುದಿಲ್ಲ. ಹಸಿರಾಗಿ ಪೊದೆಯಾಗಿ ಬೆಳೆಯುತ್ತದೆ, ಹೂವು ಮಾತ್ರ ಬಿಡುವುದಿಲ್ಲ. ಕಣ್ಣಿಗೆ ಕಾಣದಂಥ ನುಸಿಯೊಂದು ಅದನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ ಎಂದು ಗೊತ್ತಿತ್ತು. ನುಸಿ ಹೊತ್ತು ತರುವುದು ಏನನ್ನು ಎಂಬುದು ಆಗ ಯಾರಿಗೂ ಖಚಿತವಿರಲಿಲ್ಲ, ವೈರಸ್ ಇರಬೇಕೆಂಬ ಗುಮಾನಿ ಅಷ್ಟೇ. ಎಲೆ ತರಲು ಮೊದಲ ಸಲ ನಿಂಬರ್ಗಾಕ್ಕೆ ಹೋದಾಗ ಅಲ್ಲಿಯ ರೈತನೊಬ್ಬ ಹೇಳಿದ್ದ, "ಹೊಲ ನೋಡಿದ್ರ ಕಣ್ಣು ತುಂಬ್ತಾವ್ರಿ ಸರ. ರಾಶಿ ಮಾಡಾಕ ಹೋದ್ರ ಕೈ ಖಾಲಿ." ನಾನು ಆ ಮಾತನ್ನು ಯೋಜನೆಯ ವರದಿಯಲ್ಲಿ ಇಂಗ್ಲಿಷಿಗೆ ತಿರುಗಿಸಿ ಬರೆದು ಹಾಳು ಮಾಡಿದೆ.

ನಮ್ಮ ಪ್ರಶ್ನೆ ಸಣ್ಣದು. ಜೀವಕೋಶದೊಳಗೆ ಆರ್‌ಎನ್‌ಎ ಎಂಬ ಎಳೆ ಒಂಟಿಯಾಗಿ ಇರುವುದಿಲ್ಲ. ಹುಟ್ಟಿದ ಗಳಿಗೆಯಿಂದ ಯಾವುದಾದರೊಂದು ಪ್ರೋಟೀನು ಅದನ್ನು ಹಿಡಿದುಕೊಂಡೇ ಇರುತ್ತದೆ, ಒಂದು ಬಿಟ್ಟರೆ ಇನ್ನೊಂದು ಹಿಡಿಯುತ್ತದೆ. ರೋಗದ ಎಲೆಯಲ್ಲಿ ಈ ಹಿಡಿಯುವವರು ಬದಲಾಗುತ್ತಾರೆಯೇ ಎಂಬುದನ್ನು ನೋಡಬೇಕಿತ್ತು. ಕಷ್ಟವೆಂದರೆ, ನೋಡಲೆಂದು ಎಲೆ ಅರೆದ ಕೂಡಲೇ ಹಿಡಿದವು ಬಿಡುತ್ತವೆ, ಸಂಬಂಧವಿಲ್ಲದವು ಬಂದು ಹಿಡಿಯುತ್ತವೆ. ಬಸ್ಸಿನಿಂದ ಎಲ್ಲರೂ ಇಳಿದ ಮೇಲೆ ಯಾರ ಪಕ್ಕ ಯಾರು ಕೂತಿದ್ದರು ಎಂದು ವಿಚಾರಿಸಿದ ಹಾಗೆ. ಅದಕ್ಕೆ ಆ ವರ್ಷಗಳಲ್ಲಿ ಒಂದು ಉಪಾಯ ಬಂದಿತ್ತು. ಜೀವಂತ ಕೋಶದ ಮೇಲೆ ನೇರಳಾತೀತ ಬೆಳಕು ಬಿಟ್ಟರೆ, ಆ ಗಳಿಗೆಯಲ್ಲಿ ಆರ್‌ಎನ್‌ಎಯನ್ನು ಮುಟ್ಟಿಕೊಂಡಿರುವ ಪ್ರೋಟೀನು ಅದಕ್ಕೆ ಬೆಸೆದುಹೋಗುತ್ತದೆ. ಹತ್ತಿರ ಇದ್ದರೆ ಸಾಲದು, ಮುಟ್ಟಿರಬೇಕು. ಆಮೇಲೆ ಅರೆದರೂ ತೊಳೆದರೂ ಆ ಬೆಸುಗೆ ಬಿಡುವುದಿಲ್ಲ.

ನಮ್ಮ ಸಾಮಾನು ನೋಡಿದ್ದರೆ ಹೈದರಾಬಾದಿನ ನನ್ನ ಗುರುಗಳು ಅಳುತ್ತಿದ್ದರೋ ನಗುತ್ತಿದ್ದರೋ. ಆಪರೇಷನ್ ಕೋಣೆಯಲ್ಲಿ ಕ್ರಿಮಿ ಕೊಲ್ಲಲು ಹಚ್ಚುವ ದೀಪವನ್ನು ಸೊಲ್ಲಾಪುರದಿಂದ ತರಿಸಿದ್ದೆವು. ಅದಕ್ಕೊಂದು ಕಟ್ಟಿಗೆಯ ಪೆಟ್ಟಿಗೆಯನ್ನು ಊರ ಬಡಿಗೇರ ಮಾಡಿಕೊಟ್ಟಿದ್ದ. ಬರ್ಫ್, ಅಂದರೆ ಮಂಜುಗಡ್ಡೆ, ಐಸ್‌ಕ್ಯಾಂಡಿ ಮಾಡುವವರ ಹತ್ತಿರ ಸಿಗುತ್ತಿತ್ತು. ಎಲೆಯನ್ನು ಹೆಪ್ಪುಗಟ್ಟಿಸಲು ಬೇಕಾದ ದ್ರವ ಸಾರಜನಕ ದನದ ದವಾಖಾನೆಯಲ್ಲಿ ಸಿಗುತ್ತಿತ್ತು. ಹೋರಿಯ ವೀರ್ಯ ಕೆಡದ ಹಾಗೆ ಇಡಲು ಅವರು ಅದನ್ನು ತರಿಸುತ್ತಿದ್ದರು, ನಾನು ಕ್ಯಾನು ಹಿಡಿದು ಹೋಗಿ ಬೇಡಿ ತರುತ್ತಿದ್ದೆ. ಎಲೆಯ ಚೂರುಗಳನ್ನು ಬರ್ಫಿನ ಮೇಲಿನ ತಟ್ಟೆಯಲ್ಲಿ ಹರವಿ ಪೆಟ್ಟಿಗೆಯಲ್ಲಿಟ್ಟು ದೀಪ ಹಚ್ಚುವುದು, ಆಮೇಲೆ ಹೆಪ್ಪುಗಟ್ಟಿಸಿ ಅರೆದು ಆರ್‌ಎನ್‌ಎ ತೆಗೆಯುವುದು, ಅದು ಇಡಿಯಾಗಿ ಉಳಿದಿದೆಯೇ ಎಂದು ಜೆಲ್ ಮೇಲೆ ಓಡಿಸಿ ನೋಡುವುದು. ಇಡಿಯಾಗಿದ್ದರೆ ಎರಡು ಕಿತ್ತಳೆ ಬಣ್ಣದ ಗೆರೆ ಕಾಣುತ್ತವೆ. ಒಡೆದಿದ್ದರೆ ಗೆರೆಗಳಿರುವುದಿಲ್ಲ, ಕೆಳಗಿನ ತನಕ ಮಂಜು ಸೋರಿದಂತೆ ಕಾಣುತ್ತದೆ. ಗೆರೆ ಬಂದ ಸ್ಯಾಂಪಲ್ಲನ್ನಷ್ಟೇ ಹೈದರಾಬಾದಿಗೆ ಕಳಿಸಬೇಕು. ಅಲ್ಲಿ ಅವರು ಆರ್‌ಎನ್‌ಎಯ ಬಾಲಕ್ಕೆ ಗಾಳ ಹಾಕಿ ಎಳೆದು, ಅದಕ್ಕೆ ಬೆಸೆದುಕೊಂಡು ಬಂದ ಪ್ರೋಟೀನು ಯಾವುದೆಂದು ನೋಡುತ್ತಿದ್ದರು.

ಪ್ರತಿ ಸಲವೂ ಅರ್ಧ ಎಲೆಗೆ ಬೆಳಕು, ಅರ್ಧಕ್ಕೆ ಇಲ್ಲ, ಉಳಿದದ್ದೆಲ್ಲ ಒಂದೇ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡು ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ದೇವರಿಗೂ ಗೊತ್ತಾಗುವುದಿಲ್ಲ. ಇದನ್ನು ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತಿದ್ದೆ.

ಈ ಕೆಲಸದಲ್ಲಿ ನನ್ನ ಜೊತೆಗಿದ್ದವರು ನಮ್ಮ ಲ್ಯಾಬಿನ ಅಟೆಂಡರ್. ನನಗಿಂತ ಹದಿನೈದು ವರ್ಷ ದೊಡ್ಡವರು, ಹನ್ನೊಂದು ವರ್ಷದಿಂದ ದಿನಗೂಲಿಯ ಮೇಲೆ ಇದ್ದವರು. ಮನೆ ಊರ ಹೊರಗಿನ ಓಣಿಯಲ್ಲಿ. ಆ ಓಣಿ ಯಾರದೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಲ್ಯಾಬಿನೊಳಗೆ ಅವರನ್ನು ಕಾಕಾ ಅನ್ನುತ್ತಿದ್ದೆ, ನಮ್ಮ ಮನೆಯ ಕಟ್ಟೆಯ ಹತ್ತಿರ ಎದುರಾದರೆ ಏನೂ ಅನ್ನುತ್ತಿರಲಿಲ್ಲ. ಆಗ ಏಕವಚನ, ಈಗ ಬರೆಯುವಾಗ ಬಹುವಚನ. ಕಾಗದದ ಮೇಲೆ ಮರ್ಯಾದೆ ಕೊಡುವುದು ಸುಲಭ.

ಆರ್‌ಎನ್‌ಎಯ ದೊಡ್ಡ ವೈರಿ ಮನುಷ್ಯನ ಕೈ. ಎಲ್ಲರ ಬೆರಳ ತುದಿಯಲ್ಲೂ, ಬೆವರಿನಲ್ಲೂ, ಉಗುಳಿನಲ್ಲೂ ಅದನ್ನು ತುಂಡರಿಸುವ ಒಂದು ಕಿಣ್ವ ಇರುತ್ತದೆ. ಕುದಿಸಿದರೂ ಅದು ಸಾಯುವುದಿಲ್ಲ. ಅದಕ್ಕೇ ಗಾಜಿನ ಸಾಮಾನನ್ನು ತೊಳೆದು ಒಲೆಯಂಥ ಓವನ್ನಿನಲ್ಲಿ ತಾಸುಗಟ್ಟಲೆ ಸುಡಬೇಕು, ಸುಟ್ಟ ಮೇಲೆ ಬರಿಗೈಯಲ್ಲಿ ಮುಟ್ಟಬಾರದು, ನಲ್ಲಿಯ ನೀರು ತಾಗಿಸಬಾರದು. ಇದನ್ನು ಕಾಕಾಗೆ ಒಂದು ಸಲ ಹೇಳಿದೆ. ಅವರು ಚಿಮ್ಮಟದಲ್ಲಿ ಕತ್ತು ಹಿಡಿದು ಸೀಸೆ ಎತ್ತುವುದನ್ನು ಎರಡೇ ದಿನದಲ್ಲಿ ರೂಢಿ ಮಾಡಿಕೊಂಡರು. ಮೂರನೆಯ ದಿನ ನಾನು ಅವಸರದಲ್ಲಿ ಒಂದು ಫ್ಲಾಸ್ಕನ್ನು ಬೆರಳಲ್ಲಿ ಎತ್ತಿದ್ದಕ್ಕೆ ಅದನ್ನು ನನ್ನ ಕೈಯಿಂದ ತೆಗೆದು ಬದಿಗಿಟ್ಟರು.

"ಯಾರ ಕೈನೂ ನಂಬಬ್ಯಾಡ್ರಿ ಸರ," ಅಂದರು. "ನಿಮ್ದೂ."

ಮೊದಲ ವರ್ಷ ಜೆಲ್ ಮೇಲೆ ಎರಡು ಗೆರೆ ತಪ್ಪದೆ ಬಂದವು. ಹೈದರಾಬಾದಿನಿಂದ ಕಾಗದವೂ ಬಂತು. ರೋಗದ ಎಲೆಯ ಆರ್‌ಎನ್‌ಎಯನ್ನು ಒಂದು ಪ್ರೋಟೀನು ಹಿಡಿದಿದೆ, ಚಲೋ ಎಲೆಯಲ್ಲಿ ಅದು ಕಾಣುತ್ತಿಲ್ಲ. ಒಂದು ಊರಿನ ಎಲೆ ಸಾಕಾಗುವುದಿಲ್ಲ, ಅಫಜಲಪುರ, ಜೇವರ್ಗಿ ಕಡೆಯದನ್ನೂ ಕಳಿಸಿ. ಸಾಹೇಬರು ಆ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಮೂರು ಸಲ ಓದಿದರು. ಖುಷಿಯಲ್ಲಿ ಕಾಕಾನನ್ನು ಕರೆದು, ಯೋಜನೆ ಮುಂದುವರಿದರೆ ನಿನ್ನನ್ನು ಖಾಯಂ ಮಾಡಿಸುತ್ತೇನೆ ಎಂದು ಎಲ್ಲರೆದುರು ಹೇಳಿದರು. ಕಾಕಾ ಅಂದು ಸಂಜೆ ಲ್ಯಾಬಿನ ಕಿಟಕಿಗಳನ್ನು ಕೂಡ ಒರೆಸಿ ಮನೆಗೆ ಹೋದರು.

ಅದೇ ತಿಂಗಳು ಕಾಲೇಜಿನ ಆಡಳಿತ ಮಂಡಳಿಯ ಹಿರಿಯರು ಲ್ಯಾಬು ನೋಡಲು ಬಂದರು. ಆಡತ್ ವ್ಯಾಪಾರಿಗಳು, ದಾಲ್ ಮಿಲ್ಲಿನ ಮಾಲೀಕರು, ಹಣೆಯ ತುಂಬ ವಿಭೂತಿ. ಗಾಜಿನ ಸಾಮಾನು ಮುಟ್ಟಬಾರದು ಯಾಕೆ ಎಂದು ಒಬ್ಬರು ಕೇಳಿದರು. ಕಿಣ್ವದ ಕಥೆ ಹೇಳಹೊರಟೆ, ಯಾರ ಮುಖದಲ್ಲೂ ಬೆಳಕು ಮೂಡಲಿಲ್ಲ. ಆಗ ನಾಲಿಗೆ ತುರಿಸಿತು.

"ಏನಿಲ್ರಿ, ಆರ್‌ಎನ್‌ಎ ಅಂದ್ರ ಮಡಿ ಇದ್ದಂಗ. ಮುಟ್ಟಿದ್ರ ಮೈಲಿಗಿ ಆಗ್ತದ."

ಎಲ್ಲರೂ ಹೊಟ್ಟೆ ತುಂಬ ನಕ್ಕರು. ಎಲ್ಲರಿಗೂ ಒಮ್ಮೆಲೇ ಅರ್ಥವಾಯಿತು. ಸಾಹೇಬರಂತೂ ತಲೆ ಅಲ್ಲಾಡಿಸಿ, "ಹಿಂಗ ಹೇಳಬೇಕ್ರಿ ವಿಜ್ಞಾನ," ಅಂದರು. ನಮ್ಮದು ಶರಣರ ದಾರಿ ಹಿಡಿದ ಮನೆತನ. ಸೂತಕವಿಲ್ಲ, ಹೊಲೆಯಿಲ್ಲ ಎಂದು ನನ್ನ ಅಜ್ಜ ಪಡಸಾಲೆಯಲ್ಲಿ ಕೂತು ಹೇಳುತ್ತಿದ್ದರು, ಬಂದ ಕೆಲವರು ಅದನ್ನು ಅಂಗಳದಲ್ಲಿ ನಿಂತು ಕೇಳುತ್ತಿದ್ದರು. ಮಡಿ ಎಂಬ ಶಬ್ದವನ್ನು ನಾವು ಬಿಟ್ಟು ಎಂಟುನೂರು ವರ್ಷವಾಯಿತೆಂದು ನಂಬಿದ್ದೆ. ಬಿಟ್ಟಿದ್ದರೆ ಅಷ್ಟು ಜನಕ್ಕೆ ಅಷ್ಟು ಬೇಗ ಹೇಗೆ ತಿಳಿಯುತ್ತಿತ್ತು? ಕಾಕಾ ಆಗ ತೊಳೆದ ಸೀಸೆಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರು ನಕ್ಕರೋ ಇಲ್ಲವೋ, ನಾನು ಆ ಕಡೆ ನೋಡಲಿಲ್ಲ.

ಮುಂದಿನ ವಾರದಿಂದ ಗೆರೆಗಳು ಹೋದವು. ಜೆಲ್ ತುಂಬ ಮಂಜು. ಅಫಜಲಪುರದ ಬಸ್ಸಿನಲ್ಲಿ ಮೊಣಕಾಲ ಮೇಲೆ ಬರ್ಫಿನ ಡಬ್ಬಿ ಇಟ್ಟುಕೊಂಡು ತಂದ ಎಲೆ, ಭೀಮಾ ದಾಟಿ ಜೇವರ್ಗಿ ಕಡೆಯಿಂದ ತಂದ ಎಲೆ, ಎಲ್ಲ ಮಂಜು. ರಾಸಾಯನಿಕ ಬದಲಾಯಿಸಿದೆ, ಔಷಧಿ ಹಾಕಿ ಕುದಿಸಿದ ನೀರನ್ನು ಮತ್ತೆ ಮಾಡಿದೆ, ಜೆಲ್ಲಿನ ತೊಟ್ಟಿ ಬದಲಾಯಿಸಿದೆ. ಎರಡು ತಿಂಗಳು ಹೀಗೇ ಹೋಯಿತು. ಹೈದರಾಬಾದಿಗೆ ಕಳಿಸಲು ಒಂದು ಹನಿ ಇರಲಿಲ್ಲ. ಎಲ್ಲದಕ್ಕೂ ನಕ್ಷೆ ಎಳೆಯುವ ನಾನು, ಗೆರೆ ಹೋದ ತಾರೀಖು ಯಾವುದು, ಅದರ ಹಿಂದಿನ ವಾರ ಏನಾಗಿತ್ತು ಎಂದು ಒಂದು ಸಲವೂ ನೋಡಲಿಲ್ಲ.

ಮೊದಮೊದಲು ಸಾಹೇಬರು ನಗುತ್ತಲೇ ಹೇಳುತ್ತಿದ್ದರು, "ಎಲ್ಲೋ ಮಡಿ ಕೆಟ್ಟದ ನೋಡ್ರಿ." ಆಮೇಲೆ ನಗು ಬಿಟ್ಟುಹೋಯಿತು. ಒಂದು ದಿನ ಕಾಕಾ ಒಳಕೋಣೆಗೆ ಬರಬಾರದೆಂದು ಹುಕುಂ ಆಯಿತು. ಸುಟ್ಟ ಸಾಮಾನನ್ನು ಓವನ್ನಿನಲ್ಲೇ ಬಿಟ್ಟು ಸಂಜೆ ಮನೆಗೆ ಹೋಗಬೇಕು, ಬೆಳಿಗ್ಗೆ ನಾವು ತೆಗೆದುಕೊಳ್ಳುತ್ತೇವೆ. ಆದರೂ ಮಂಜು ಹೋಗಲಿಲ್ಲ. ಯೋಜನೆಯ ಪರಿಶೀಲನೆಗೆ ಕಮಿಟಿ ಬರುವುದು ಗೊತ್ತಾಯಿತು. ಸಾಹೇಬರಿಗೆ ಒಂದು ಕಾರಣ ಬೇಕಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮ ಕಡೆ ಹಳೆಯ ವೈದ್ಯ.

"ಗಾಜಿನ ಸಾಮಾನು ಬರೋಬರಿ ತೊಳ್ಯಾಕತ್ತಿಲ್ಲ ಅಂತ ನೀವು ಒಂದು ರಿಪೋರ್ಟ್ ಬರೀರಿ," ಅಂದರು. "ನಿಮ್ಮ ಪ್ರೊಬೇಷನ್ ಕಾಗದನೂ ನನ್ನ ಟೇಬಲ್ ಮ್ಯಾಲೇ ಅದ. ಎರಡೂ ಒಮ್ಮೆಲೇ ಕಳಸ್ತೀನಿ."

ಬೆದರಿಸಿದರು ಅನ್ನಲಾರೆ. ಸಮಾಧಾನದಿಂದ, ಚಹಾ ಕುಡಿಸಿ ಹೇಳಿದರು. ಬರೆದೆ. "ಗಾಜಿನ ಉಪಕರಣಗಳ ನಿರ್ವಹಣೆಯಲ್ಲಿ ನಿರ್ಲಕ್ಷ್ಯ ಕಂಡುಬಂದಿದ್ದು" ಎಂದು ಶುರುವಾಗುವ ಅರ್ಧ ಪುಟ. ಕಂಡವನು ಯಾರು? ನಾನು ಕಂಡಿರಲಿಲ್ಲ. ಕಂಡುಬಂದಿದ್ದು ಎಂದು ಬರೆದರೆ ಕಂಡವರ ಹೆಸರು ಬೇಕಾಗುವುದಿಲ್ಲ, ನಮ್ಮ ಕಚೇರಿಯ ಕನ್ನಡಕ್ಕೆ ಆ ಒಂದು ಅನುಕೂಲ ಉಂಟು. ಸಹಿ ಮಾತ್ರ ಬೇಕಾಗುತ್ತದೆ, ಅದನ್ನೂ ಮಾಡಿದೆ.

ಕೊನೆಯ ದಿನ ಕಾಕಾ ಬೀಗದ ಕೈ, ಚಿಮ್ಮಟ, ಸಾಮಾನಿನ ಪಟ್ಟಿ ತಂದು ನನ್ನ ಮೇಜಿನ ಮೇಲೆ ಇಟ್ಟರು. ದೊಡ್ಡ ಫ್ಲಾಸ್ಕಿನ ತಳದಲ್ಲಿ ಬಿರುಕು ಬಿಟ್ಟಿದೆ, ಅದನ್ನು ಕಾಯಿಸಬೇಡಿ ಅಂದರು. ಸ್ವಲ್ಪ ನಿಂತು ಕೇಳಿದರು, "ಕಾಗದ ನೀವ ಬರ್ದೀರೇನ್ರಿ?"

"ಹೌದು ಕಾಕಾ. ಸಾಹೇಬ್ರು ಬರೀರಿ ಅಂದ್ರು."

"ತೋರಸಿದ್ರು. ಅಕ್ಷರ ಭಾಳ ಚಂದ ಅದಾವ್ರಿ ನಿಮ್ಮವು."

ಅಷ್ಟು ಹೇಳಿ ಹೋದರು. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು.

ಅವರು ಹೋಗಿ ಒಂದು ತಿಂಗಳಾಗಿರಬೇಕು. ಸಾಮಾನು ತೊಳೆದು ಸುಡುವ ಕೆಲಸ ನನಗೇ ಬಂದಿತ್ತು. ಕಾಕಾ ಮಾಡಿದಂತೆಯೇ ಮಾಡಿ, ಸಂಜೆ ಓವನ್ನಿನಲ್ಲಿ ಬಿಟ್ಟು ಮನೆಗೆ ಹೋಗುತ್ತಿದ್ದೆ. ಗೆರೆ ಬರುತ್ತಿರಲಿಲ್ಲ. ಕಾಕಾ ಇಲ್ಲದೆಯೂ ಮಂಜು ಇತ್ತು ಎಂಬುದನ್ನು ಗಮನಿಸಬೇಕಾಗಿತ್ತು, ಗಮನಿಸಲು ಧೈರ್ಯ ಬರಲಿಲ್ಲ. ಒಂದು ದಿನ ಜೇವರ್ಗಿ ಕಡೆ ಹೋಗುವ ಮೊದಲ ಬಸ್ಸು ತಪ್ಪಿತು. ಮನೆಗೆ ಮರಳುವ ಬದಲು ಲ್ಯಾಬಿಗೆ ಹೋದೆ, ಬಾಗಿಲು ತೆರೆದಿತ್ತು.

ಒಳಗೆ ಸಾಹೇಬರಿದ್ದರು. ಸ್ನಾನ, ಪೂಜೆ ಮುಗಿಸಿ ನೇರ ಬಂದಂತಿತ್ತು, ವಿಭೂತಿ ಇನ್ನೂ ಹಸಿಯಾಗಿತ್ತು. ಓವನ್ನಿನಿಂದ ಸೀಸೆಗಳನ್ನು ಒಂದೊಂದಾಗಿ ತೆಗೆದು, ಮನೆಯಿಂದ ತಂದ ತಾಮ್ರದ ತಂಬಿಗೆಯಿಂದ ಒಳಗೆ ನೀರು ಹಾಕಿ, ಸುತ್ತ ಅಲುಗಾಡಿಸಿ ಚೆಲ್ಲಿ, ಹೆಗಲ ಮೇಲಿನ ಬಿಳಿ ವಸ್ತ್ರದಿಂದ ಒರೆಸಿ, ಮತ್ತೆ ಓವನ್ನಿನೊಳಗೇ ಸಾಲಾಗಿ ಇಡುತ್ತಿದ್ದರು. ನಮ್ಮ ಮನೆಗಳಲ್ಲಿ ಹೊರಗಿನವರು ತಿಕ್ಕಿ ಇಟ್ಟ ಪಾತ್ರೆಗೆ ಒಂದು ಸಲ ನೀರು ತೋರಿಸಿಯೇ ಒಳಗೆ ತರುವುದು. ಅದನ್ನು ಯಾರೂ ಕಲಿಸುವುದಿಲ್ಲ, ನೋಡಿ ಬರುತ್ತದೆ. ಅವರು ನನ್ನನ್ನು ಕಂಡು ಗಾಬರಿಯಾಗಲಿಲ್ಲ. ನಿಜ ಹೇಳಬೇಕೆಂದರೆ ಅವರ ಮುಖದಲ್ಲಿ ಒಂದು ತೃಪ್ತಿ ಇತ್ತು.

"ಅವತ್ತು ನೀವು ಮಡಿ ಅಂದ್ರಲ್ಲ, ಮರುದಿನದಿಂದ ನಾನ ಮಾಡಾಕತ್ತೇನಿ," ಅಂದರು. "ಈಗ ಅಂವ ಇಲ್ಲ, ಖರೇ. ರೂಢಿ ಬಿದ್ದದ ನೋಡ್ರಿ. ಪಾಪ, ನಿಮಗೂ ಒಂದು ಕೈ ಆಗ್ತದ ಅಂತ."

ಸುಟ್ಟು ಶುದ್ಧವಾದ ಗಾಜಿಗೆ ತಂಬಿಗೆಯ ನೀರು, ಬೆರಳು, ಬೆವರಿನ ವಸ್ತ್ರ. ಇದಕ್ಕಿಂತ ಚೆನ್ನಾಗಿ ಆರ್‌ಎನ್‌ಎಯನ್ನು ಕೊಲ್ಲುವ ವಿಧಾನ ನನಗೂ ಗೊತ್ತಿರಲಿಲ್ಲ. ಮೂರು ತಿಂಗಳ ಮಂಜು, ಓಡಾಡಿ ತಂದ ಎಲೆ, ನಾನು ಬರೆದ ಅರ್ಧ ಪುಟ, ಎಲ್ಲ ಆ ತಂಬಿಗೆಯಿಂದ ಬಂದಿದ್ದವು. ಆಗಲೇ ಹೇಳಬೇಕಿತ್ತು. ಕಾಕಾನ ತಪ್ಪಿಲ್ಲ, ಕಾಗದ ವಾಪಸ್ ತೆಗೆಯಿರಿ, ಕರೆಸಿರಿ ಎಂದು. ಹೇಳಿದರೆ ಸಾಹೇಬರು ಮೂರ್ಖರಾಗುತ್ತಿದ್ದರು, ಅವರು ಮೂರ್ಖರಾದರೆ ಇನ್ನೂ ಮಂಜೂರಾಗದ ನನ್ನ ಪ್ರೊಬೇಷನ್ ಕಾಗದದ ಗತಿ ಏನು? ನಾನು ಅಂದದ್ದು ಇಷ್ಟೇ: "ಇನ್ನು ಮುಂದ ತ್ರಾಸ ತಗೋಬ್ಯಾಡ್ರಿ ಸರ. ಹೈದರಾಬಾದದವರು ಹೊಸಾ ಪದ್ಧತಿ ಹೇಳ್ಯಾರ, ಸುಟ್ಟು ಕಪಾಟಿನ್ಯಾಗ ಕೀಲಿ ಹಾಕಿ ಇಡಬೇಕಂತ."

ಹಾಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ಸಾಮಾನು ನನ್ನ ಕಪಾಟಿನಲ್ಲಿ, ಕೀಲಿ ನನ್ನ ಜೇಬಿನಲ್ಲಿ. ಆ ವಾರವೇ ಜೆಲ್ ಮೇಲೆ ಎರಡು ಗೆರೆ ಬಂದವು, ಚೊಕ್ಕವಾಗಿ. ಸಾಹೇಬರು ಅದರ ಫೋಟೋ ಹಿಡಿದುಕೊಂಡು ಸ್ಟಾಫ್ ರೂಮಿಗೆ ಹೋದರು.

"ನೋಡಿದ್ರ್ಯಾ? ಅಂವ ಹೋದ, ಎಲ್ಲಾ ಸಾಫ್ ಆತು. ಎಲ್ಲಾ ಸರಿ ಆಗಾಕ ಒಂದು ತಿಂಗಳು ಹಿಡೀತು, ಅಷ್ಟ. ಹೌದಲ್ಲ್ರಿ?" ಎಂದು ನನ್ನ ಕಡೆ ತಿರುಗಿದರು. ಹತ್ತು ಜನ ನನ್ನನ್ನು ನೋಡುತ್ತಿದ್ದರು. ಎರಡು ಬದಲಾಗಿವೆ, ಮನುಷ್ಯ ಒಂದು, ತಂಬಿಗೆ ಒಂದು. ಗೆರೆ ಬಂದದ್ದು ತಂಬಿಗೆ ಹೋದದ್ದಕ್ಕೆ. ಬೋರ್ಡಿನ ಮೇಲೆ ಬರೆದು ಕಲಿಸುತ್ತಿದ್ದವನಿಗೆ ಇದು ಎರಡು ವಾಕ್ಯದ ಮಾತು.

"ಹೌದ್ರಿ ಸರ," ಅಂದೆ.

ನನ್ನ ಸರಿಯಾದ ಪ್ರಯೋಗವೇ ಕಾಕಾನ ಮೇಲಿನ ಆರೋಪಕ್ಕೆ ಸಾಕ್ಷಿಯಾಯಿತು. ಅದುವರೆಗೆ ಕಾಕಾನ ಪರವಾಗಿ ಒಂದಿಬ್ಬರಾದರೂ ಗೊಣಗುತ್ತಿದ್ದರು, ಫೋಟೋ ನೋಡಿದ ಮೇಲೆ ಅವರೂ ಸುಮ್ಮನಾದರು. ವಿಜ್ಞಾನ ಹೇಳಿದ ಮೇಲೆ ಮುಗಿಯಿತಲ್ಲ. ನಾನು ಖಾಯಂ ಆದೆ. ಮೂರೂ ತಾಲೂಕಿನ ಎಲೆಯಲ್ಲಿ ಆ ಪ್ರೋಟೀನು ಸಿಕ್ಕಿತು, ಹೈದರಾಬಾದಿನವರು ಬರೆದ ಲೇಖನದ ಕೊನೆಯಲ್ಲಿ ನಮ್ಮ ಕಾಲೇಜಿಗೆ ಒಂದು ಸಾಲಿನ ಕೃತಜ್ಞತೆ ಬಂತು. ಯೋಜನೆ ಅಲ್ಲಿಗೆ ನಿಂತಿತು. ತೊಗರಿ ಗೊಡ್ಡು ಬೀಳುವುದು ನಿಲ್ಲಲಿಲ್ಲ.

ಆರೇಳು ವರ್ಷದ ಮೇಲೆ, ತೊಂಬತ್ತರ ದಶಕದ ನಡುವೆ, ಪರೀಕ್ಷೆಯ ಡ್ಯೂಟಿಗೆಂದು ಜೇವರ್ಗಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯ ಮುಂದೆ ಕಾಕಾ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನಗಿಂತ ಮೊದಲು ಅವರೇ ಗುರುತು ಹಿಡಿದು ಎದ್ದು ನಿಂತರು, "ಬರ್ರಿ ಸರ, ಬರ್ರಿ," ಎಂದು ಪಕ್ಕದಲ್ಲಿ ಜಾಗ ಮಾಡಿ ಚಹಾ ಹೇಳಿದರು. ಮಗ ಇಲ್ಲಿ ಹೊಲಿಗೆಯ ಅಂಗಡಿ ಇಟ್ಟಿದ್ದಾನೆ, ನಾನು ಅವನ ಹತ್ತಿರವೇ ಇರುವುದು, ಕಾಜಾ ಮಾಡುವುದು ಗುಂಡಿ ಹಚ್ಚುವುದು ನೋಡಿಕೊಳ್ಳುತ್ತೇನೆ ಅಂದರು. ನಮ್ಮ ಗೆರೆ ಆಮೇಲೆ ಬಂದವೋ ಎಂದು ಕೇಳಿದರು. ಬಂದವು ಅಂದೆ. ಮುಖ ಅರಳಿತು. ನಟನೆಯಲ್ಲ, ಆ ಕೆಲಸದಲ್ಲಿ ಅವರಿಗೆ ನನ್ನಷ್ಟೇ ಆಸೆ ಇತ್ತು.

ಆ ಮುಖ ನೋಡಿ ತಡೆಯಲಾಗಲಿಲ್ಲ. ಹೇಳಿ ಹಗುರಾಗಬೇಕೆನಿಸಿತು. ನೋಡಿ, ಆಗಲೂ ನನ್ನ ಹಗುರದ್ದೇ ಚಿಂತೆ.

"ಕಾಕಾ, ನಿಮ್ಮ ತಪ್ಪು ಏನೂ ಇರಲಿಲ್ರಿ," ಅಂದೆ. "ನೀವು ಸುಟ್ಟಿಟ್ಟ ಸೀಸೆಗೆ ಸಾಹೇಬ್ರು ಮುಂಜಾನೆ ಬಂದು ನೀರು ಹಾಕಿ ಒರಸ್ತಿದ್ರು. ಅದಕ್ಕ ಕೆಡ್ತಿತ್ತು."

ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಗೊತ್ತಿತ್ರಿ," ಅಂದರು. "ಸುಟ್ಟ ಗಾಜಿನ ಮ್ಯಾಲೆ ನೀರಿನ ಕಲೆ ಕಾಣ್ತಿದ್ವು, ಮುಂಜಾನೆ ನನಗಿಂತ ಮೊದ್ಲ ಬರ್ತಿದ್ದವರು ಸಾಹೇಬ್ರೊಬ್ರ. ಎರಡ ದಿನದಾಗ ನನಗ ತಿಳೀತು. ನಾ ಹೇಳಿದ್ರ ಯಾರು ಕೇಳ್ತಿದ್ರು? ಸಾಹೇಬ್ರ ಮ್ಯಾಲೆ ಹಾಕ್ತಾನ ಅಂತಿದ್ರು. ನಿಮ್ಮ ಕಣ್ಣಿಗೆ ಬಿದ್ರ ನೀವು ಹೇಳ್ತೀರಿ ಅಂತ ಕಾಯ್ಕೋತ ಕುಂತೆ. ನಿಮ್ಮ ಕಣ್ಣಿಗೆ ಬೀಳಲಿಲ್ಲ, ಏನ್ ಮಾಡೋದು." ಒಂದು ಗುಟುಕು ಕುಡಿದು ಕೇಳಿದರು, "ನಿಮಗ ಯಾವಾಗ ತಿಳೀತ್ರಿ? ಸಾಹೇಬ್ರು ರಿಟೈರ್ ಆದ ಮ್ಯಾಲೇನು?"

ಹೌದು ಅನ್ನಬಹುದಿತ್ತು. ಅವರೇ ಬಾಯಿಗೆ ತಂದಿಟ್ಟಿದ್ದರು.

"ನೀವು ಹೋಗಿ ಒಂದು ತಿಂಗಳಿಗೆ," ಅಂದೆ. "ಕಣ್ಣಾರೆ ನೋಡಿದೆ."

ಕಾಕಾ ಚಹಾದ ಗ್ಲಾಸು ಕೆಳಗಿಟ್ಟರು. ಆಮೇಲೆ ಎದ್ದು, ನನ್ನ ಚಹಾದ್ದೂ ಸೇರಿಸಿ ಅಂಗಡಿಯವನಿಗೆ ಕೊಟ್ಟು, ನನ್ನ ಮುಖ ನೋಡದೆ ಹೇಳಿದರು.

"ಇಷ್ಟು ವರ್ಷ ನಿಮಗ ಗೊತ್ತಾಗಿಲ್ಲ ಅಂತನ ತಿಳ್ಕೊಂಡಿದ್ದೆ ನೋಡ್ರಿ. ಹಂಗ ತಿಳ್ಕೊಂಡು ಇರೂದು ಛಲೋ ಇತ್ತು."